ಪೆನ್‌ಡ್ರೈವ್‌ನಲ್ಲಿ ಜಾಗ ಇದ್ದರೂ ಫೈಲ್ ಹೋಗುತ್ತಿಲ್ಲವೇ? ‘ಫಾರ್ಮ್ಯಾಟ್ ಮಾಡಿ ಸರಿಹೋಗುತ್ತೆ’ ಎಂಬ ಸಲಹೆ ನಂಬುವ ಮುನ್ನ ಇದನ್ನು ಓದಿ

ಪೆನ್‌ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದೆ. ಅದಕ್ಕೆ 5 ಜಿಬಿಯ ಒಂದು ಫೈಲ್ ಹಾಕಲು ಹೋದರೆ ‘ಫೈಲ್ ತುಂಬಾ ದೊಡ್ಡದು’ ಎಂದು ಕಂಪ್ಯೂಟರ್ ನಿರಾಕರಿಸುತ್ತದೆ. ಮೊಬೈಲ್ ಎಮ್ಯುಲೇಟರ್‌ನಲ್ಲಿ ಆಟ ಆಡುವ ಹುಡುಗರಿಗೆ ಈ ತೊಂದರೆ ಗೊತ್ತು. ಹಳೇ ವಿಂಡೋಸ್ ತಂತ್ರಾಂಶವನ್ನು ಹೊಸ ಕಂಪ್ಯೂಟರ್‌ನಲ್ಲಿ ಓಡಿಸುವ ಡಿಟಿಪಿ ಅಂಗಡಿಯವರಿಗೂ ಗೊತ್ತು.

ಈ ಬಗ್ಗೆ ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಮಾತು ಓಡಾಡುತ್ತದೆ. ಒಂದು, ಕಾರ್ಡ್ ಅಥವಾ ಪೆನ್‌ಡ್ರೈವ್ ನಕಲಿ, ಬಿಸಾಕಿ. ಎರಡು, ಒಮ್ಮೆ ಫಾರ್ಮ್ಯಾಟ್ ಮಾಡಿ, ಎಲ್ಲ ಸರಿಹೋಗುತ್ತದೆ. ಮೂರು, ‘ಹೈಲಿ ಕಂಪ್ರೆಸ್ಡ್’ ಫೈಲಿನ ಲಿಂಕ್ ಇದೆ, 4 ಜಿಬಿಯ ಆಟ 50 ಎಂಬಿಗೆ ಸಿಗುತ್ತದೆ. ಈ ಮೂರನ್ನೂ ನಾವು ಪರಿಶೀಲಿಸಿದೆವು.

ಸಂಕ್ಷಿಪ್ತವಾಗಿ ಹೇಳುವುದಾದರೆ, ಮೊದಲನೆಯದು ಬಹುತೇಕ ತಪ್ಪು. ಎರಡನೆಯದು ಅರ್ಧ ನಿಜ, ಆದರೆ ಹಾಗೆ ಮಾಡಿದರೆ ನಿಮ್ಮ ಫೋಟೊ, ದಾಖಲೆ ಎಲ್ಲ ಹೋಗುತ್ತವೆ. ಮೂರನೆಯದು ಸುಳ್ಳು, ಅಪಾಯಕಾರಿ ಕೂಡ.

ರಾಜಾಜಿನಗರದ ಅಂಗಡಿಯೊಂದರಲ್ಲಿ ನಡೆದದ್ದು

ರಾಜಾಜಿನಗರದಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕರೆಯೋಲೆ, ಸಂಘದ ಸ್ಮರಣ ಸಂಚಿಕೆ, ದೇವಸ್ಥಾನದ ಕರಪತ್ರ ಇತ್ಯಾದಿ ಕೆಲಸ ಅಲ್ಲಿ ನಡೆಯುತ್ತದೆ. ಮಾಲೀಕರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪೇಜ್‌ಮೇಕರ್‌ನಲ್ಲೇ ಕೆಲಸ ಮಾಡಿದವರು. ಅಡೋಬಿ ಕಂಪನಿಯ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಅದರ ನಂತರ ಹೊಸ ಆವೃತ್ತಿ ಬರಲಿಲ್ಲ.

‘ಹೊಸ ತಂತ್ರಾಂಶಕ್ಕೆ ಬದಲಾಗಬಾರದೇ?’ ಎಂದು ಕೇಳುವುದು ಸುಲಭ. ಆದರೆ ಅವರ ಹಳೆಯ ಫೈಲ್‌ಗಳೆಲ್ಲ ನುಡಿ ಮತ್ತು ಶ್ರೀಲಿಪಿಯ ಹಳೇ ಫಾಂಟ್‌ಗಳಲ್ಲಿವೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದರೂ ಮುದ್ರಣದ ಕೆಲಸ ವರ್ಷಗಟ್ಟಲೆ ಹಳೇ ಫಾಂಟ್‌ಗಳಲ್ಲೇ ನಡೆಯಿತು, ಯಾಕೆಂದರೆ ಪೇಜ್‌ಮೇಕರ್‌ಗೆ ಯುನಿಕೋಡ್ ಕನ್ನಡ ಒತ್ತಕ್ಷರದ ಸಮೇತ ಸರಿಯಾಗಿ ಮೂಡಿಸಲು ಬರುವುದಿಲ್ಲ. ಹಳೇ ಫೈಲನ್ನು ಬೇರೆ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ.

ಹಾಗಾಗಿ ಅವರ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಕೈಕೊಟ್ಟಾಗ, ಇಂಜಿನಿಯರಿಂಗ್ ಓದುವ ಅಕ್ಕನ ಮಗ ಕೆಂಗೇರಿಯಿಂದ ಬಂದು ಹೊಸ ಕಂಪ್ಯೂಟರ್‌ನಲ್ಲಿ ವರ್ಚುವಲ್‌ಬಾಕ್ಸ್ ಹಾಕಿಕೊಟ್ಟ. ಅಂದರೆ ಹೊಸ ಕಂಪ್ಯೂಟರ್‌ನ ಒಳಗೆ ಒಂದು ಕಿಟಕಿಯಲ್ಲಿ ಹಳೇ ಎಕ್ಸ್‌ಪಿ ಕಂಪ್ಯೂಟರ್ ಓಡುತ್ತದೆ. ಬಸವೇಶ್ವರನಗರದ ಮನೆಯಲ್ಲೂ ಕೆಲಸ ಮಾಡಬೇಕಾದ್ದರಿಂದ ಅದನ್ನೆಲ್ಲ 32 ಜಿಬಿಯ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡಿದ್ದರು. ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆಯಿತು. ಒಂದು ದಿನ ಸಂಚಿಕೆಯ ಪುಟ ಕಟ್ಟುತ್ತಿದ್ದಾಗ ಯಂತ್ರ ನಿಂತೇಹೋಯಿತು.

‘ಮೇಡಂ, ಇನ್ನೂ 20 ಜಿಬಿ ಮೇಲೆ ಖಾಲಿ ಇದೆ ಅಂತ ಇದೇ ತೋರಿಸ್ತಿದೆ, ಮತ್ತೆ ಜಾಗ ಇಲ್ಲ ಅಂದ್ರೆ ಹೆಂಗೆ? ಎಲ್ರೂ ಫಾರ್ಮ್ಯಾಟ್ ಮಾಡಿ ಅಂತಿದಾರೆ’ ಎಂದರು ಅವರು. ಇಪ್ಪತ್ತು ವರ್ಷದ ಕೆಲಸದ ಏಕೈಕ ಪ್ರತಿ ಆ ಪೆನ್‌ಡ್ರೈವ್‌ನಲ್ಲೇ ಇತ್ತು.

4 ಜಿಬಿ ಎಂಬ ಗೋಡೆ ಎಲ್ಲಿಂದ ಬಂತು?

ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್‌ನಲ್ಲಿ ಯಾವ ಫೈಲ್ ಎಲ್ಲಿದೆ, ಎಷ್ಟು ದೊಡ್ಡದು ಎಂದು ಬರೆದಿಡುವ ಒಂದು ಲೆಕ್ಕದ ಪದ್ಧತಿ ಇರುತ್ತದೆ. ಇದಕ್ಕೆ ಫೈಲ್ ಸಿಸ್ಟಮ್ ಎನ್ನುತ್ತಾರೆ. ಅನೇಕ ಪೆನ್‌ಡ್ರೈವ್‌ಗಳು ಫ್ಯಾಟ್32 ಎಂಬ ಪದ್ಧತಿಯಲ್ಲಿ ಬರುತ್ತವೆ. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಂದಿಗೆ ಬಂದ ಪದ್ಧತಿ ಇದು.

ಫ್ಯಾಟ್32ರಲ್ಲಿ ಪ್ರತಿ ಫೈಲಿನ ಗಾತ್ರ ಬರೆಯಲು 32 ಬಿಟ್‌ಗಳಷ್ಟೇ ಜಾಗ ಇದೆ. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295. ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ. ಹಳೇ ಸ್ಕೂಟರ್‌ನ ಐದಂಕಿ ಮೀಟರ್ ನೆನಪಿಸಿಕೊಳ್ಳಿ. ಗಾಡಿ ಎಷ್ಟು ಗಟ್ಟಿ ಇದ್ದರೂ 99,999 ಕಿಲೋಮೀಟರ್ ದಾಟಿದ ಮೇಲೆ ಮೀಟರ್‌ನಲ್ಲಿ ಬರೆಯಲು ಮನೆ ಇಲ್ಲ. ಇಲ್ಲೂ ಹಾಗೆಯೇ. ಕಾರ್ಡ್‌ನಲ್ಲಿ ಒಟ್ಟು ಜಾಗ ಎಷ್ಟೇ ಇರಲಿ, ಒಂದೊಂದೇ ಫೈಲ್ 4 ಜಿಬಿ ಮುಟ್ಟುವಂತಿಲ್ಲ. ಒಂದು ಜಿಬಿಯ 20 ಫೈಲ್ ಹಿಡಿಯುವ ಪೆನ್‌ಡ್ರೈವ್ 5 ಜಿಬಿಯ ಒಂದು ಫೈಲನ್ನು ಹಿಡಿಯದಿರಲು ಕಾರಣ ಇದು.

ಹಾಗಾದರೆ ಅಂಗಡಿಯ ಯಂತ್ರ ತಿಂಗಳುಗಟ್ಟಲೆ ಓಡಿದ್ದು ಹೇಗೆ? ವರ್ಚುವಲ್ ಯಂತ್ರದ ಇಡೀ ಹಾರ್ಡ್ ಡಿಸ್ಕ್ ನಿಜವಾದ ಕಂಪ್ಯೂಟರ್‌ನ ಪಾಲಿಗೆ ಒಂದೇ ಒಂದು ಫೈಲ್. ಒಳಗೆ ಕೆಲಸ ಹೆಚ್ಚಿದಂತೆ ಹೊರಗಿನ ಈ ಫೈಲ್ ಬೆಳೆಯುತ್ತಾ ಹೋಗುತ್ತದೆ. ಒಳಗಿನ ಎಕ್ಸ್‌ಪಿಗೆ ತನ್ನ ಡಿಸ್ಕ್ 10 ಜಿಬಿ ಎಂದೇ ಕಾಣುತ್ತಿತ್ತು. ಹೊರಗಿನ ಫೈಲ್ ಮಾತ್ರ 4 ಜಿಬಿಯ ಗೋಡೆಗೆ ಬಂದು ಡಿಕ್ಕಿ ಹೊಡೆಯಿತು. ಆಗ ವರ್ಚುವಲ್‌ಬಾಕ್ಸ್ ಯಂತ್ರವನ್ನು ನಿಲ್ಲಿಸಿ, ಫೈಲಿನ ಗಾತ್ರ ಮಿತಿ ಮೀರಿದೆ, ಹೆಚ್ಚು ದೊಡ್ಡ ಫೈಲ್ ಒಪ್ಪುವ ಜಾಗಕ್ಕೆ ಇದನ್ನು ಸಾಗಿಸಿ ಎಂಬ ಸೂಚನೆ ಕೊಡುತ್ತದೆ. ಸೂಚನೆ ಇಂಗ್ಲಿಷ್‌ನಲ್ಲಿ ಉದ್ದಕ್ಕೆ ಇತ್ತು. ಯಾರೂ ಪೂರ್ತಿ ಓದಿರಲಿಲ್ಲ.

ನಾವು ಮಾಡಿದ್ದೇನು?

ಮೊದಲು ಫಾರ್ಮ್ಯಾಟ್ ಮಾಡದಂತೆ ತಡೆದೆವು. ವರ್ಚುವಲ್ ಯಂತ್ರವನ್ನು ಮುಚ್ಚಿ, ಅದರ ಇಡೀ ಫೋಲ್ಡರನ್ನು ಕಂಪ್ಯೂಟರ್‌ನ ಸ್ವಂತ ಡಿಸ್ಕಿಗೆ ನಕಲು ಮಾಡಿದೆವು. ಈಗಿನ ವಿಂಡೋಸ್ ಕಂಪ್ಯೂಟರ್‌ನ ಡಿಸ್ಕ್ ಎನ್‌ಟಿಎಫ್‌ಎಸ್ ಎಂಬ ಪದ್ಧತಿಯಲ್ಲಿರುತ್ತದೆ, ಅಲ್ಲಿ 4 ಜಿಬಿಯ ಮಿತಿ ಇಲ್ಲ. ಹೊಸ ಜಾಗದಿಂದ ತೆರೆದಾಗ ಎಕ್ಸ್‌ಪಿ ಎದ್ದು ಕೂತಿತು. ಆ ಹೊತ್ತಿಗೆ ಕಟ್ಟುತ್ತಿದ್ದ ಎರಡು ಪುಟ ಹೋದವು. ಉಳಿದ ಹಳೆಯ ಫೈಲ್‌ಗಳೆಲ್ಲ ಸಿಕ್ಕವು.

ಇಲ್ಲಿ ಒಂದು ಎಚ್ಚರಿಕೆ. ವರ್ಚುವಲ್‌ಬಾಕ್ಸ್‌ನ ಪಟ್ಟಿಯಿಂದ ಹಳೇ ಯಂತ್ರವನ್ನು ತೆಗೆಯುವಾಗ ಅದು ಎರಡು ಆಯ್ಕೆ ಕೊಡುತ್ತದೆ. ಒಂದು, ಪಟ್ಟಿಯಿಂದ ಮಾತ್ರ ತೆಗೆಯುವುದು. ಇನ್ನೊಂದು, ಎಲ್ಲ ಫೈಲ್‌ಗಳನ್ನೂ ಅಳಿಸುವುದು. ಅವಸರದಲ್ಲಿ ಎರಡನೆಯದನ್ನು ಒತ್ತಿದರೆ ಫಾರ್ಮ್ಯಾಟ್ ಮಾಡಿದಷ್ಟೇ ನಷ್ಟ.

ಮಿತಿಯನ್ನು ದಾಟುವ ನಾಲ್ಕು ದಾರಿ

1. ತುಂಡು ಮಾಡಿ ಓಡಿಸುವುದು. ವಿಎಂವೇರ್ ವರ್ಕ್‌ಸ್ಟೇಷನ್‌ನಲ್ಲಿ ಹೊಸ ಯಂತ್ರ ಮಾಡುವಾಗಲೇ ವರ್ಚುವಲ್ ಡಿಸ್ಕನ್ನು ಹಲವು ಫೈಲ್‌ಗಳಾಗಿ ಒಡೆಯುವ ಆಯ್ಕೆ ಇದೆ. ವರ್ಚುವಲ್‌ಬಾಕ್ಸ್‌ನಲ್ಲೂ ವಿಎಂಡಿಕೆ ಮಾದರಿಯ ಡಿಸ್ಕ್ ಆರಿಸಿದರೆ 2 ಜಿಬಿಗಿಂತ ಚಿಕ್ಕ ತುಂಡುಗಳಾಗಿ ಇಡಬಹುದು. ಒಳಗಿನ ಎಕ್ಸ್‌ಪಿಗೆ ಅದು ಒಂದೇ ಡಿಸ್ಕ್. ಹೊರಗಿನ ಫ್ಯಾಟ್32 ಪೆನ್‌ಡ್ರೈವ್‌ಗೆ ಹಲವು ಸಣ್ಣ ಫೈಲ್‌ಗಳು. ಒಂದು ತುಂಡು ಕಳೆದರೂ ಯಂತ್ರ ಏಳುವುದಿಲ್ಲ. ಹಾಗಾಗಿ ನಕಲು ಮಾಡುವಾಗ ಇಡೀ ಫೋಲ್ಡರನ್ನೇ ನಕಲು ಮಾಡಬೇಕು.

2. ತುಂಡು ಮಾಡಿ ಸಾಗಿಸುವುದು. ಉಚಿತವಾಗಿ ಸಿಗುವ 7-ಜಿಪ್ ತಂತ್ರಾಂಶ ದೊಡ್ಡ ಫೈಲನ್ನು ನಾವು ಹೇಳಿದ ಗಾತ್ರಕ್ಕೆ ಕತ್ತರಿಸಿ 001, 002 ಎಂದು ಸಂಖ್ಯೆ ಕೊಡುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಿದ್ದರೂ ಇದು ಉಪಯೋಗಕ್ಕೆ ಬರುತ್ತದೆ, ಏಕೆಂದರೆ 2022ರಿಂದ ಅಲ್ಲಿ ಒಂದು ಡಾಕ್ಯುಮೆಂಟ್‌ನ ಮಿತಿ 2 ಜಿಬಿ. ಆದರೆ ಈ ತುಂಡುಗಳನ್ನು ಹಾಗೇ ಓಡಿಸಲಾಗದು. 4 ಜಿಬಿಯ ಮಿತಿ ಇಲ್ಲದ ಡಿಸ್ಕಿನಲ್ಲಿ ಮತ್ತೆ ಜೋಡಿಸಿಕೊಳ್ಳಬೇಕು. ಮೊದಲನೆಯ ದಾರಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಜೋಡಿಸಿದ ಮೇಲೆ 7-ಜಿಪ್‌ನಲ್ಲೇ ಇರುವ ‘ಶಾ-256’ ಪರೀಕ್ಷೆಯಿಂದ ಮೂಲ ಫೈಲ್ ಮತ್ತು ಹೊಸ ಫೈಲ್ ಒಂದೇ ಎಂದು ಖಚಿತ ಮಾಡಿಕೊಳ್ಳಿ. ಎರಡರ ಉದ್ದನೆಯ ಸಂಖ್ಯೆ ಒಂದೇ ಬಂದರೆ ಫೈಲ್ ಕೆಟ್ಟಿಲ್ಲ.

3. ಅಳಿಸದೆ ಪದ್ಧತಿ ಬದಲಿಸುವುದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಕನ್ವರ್ಟ್’ ಎಂಬ ಆಜ್ಞೆ ಇದೆ. ಅದು ಫ್ಯಾಟ್32 ಡ್ರೈವನ್ನು ಒಳಗಿನ ಫೈಲ್‌ಗಳನ್ನು ಉಳಿಸಿಕೊಂಡೇ ಎನ್‌ಟಿಎಫ್‌ಎಸ್‌ಗೆ ಬದಲಿಸುತ್ತದೆ. ‘ಫಾರ್ಮ್ಯಾಟ್ ಒಂದೇ ದಾರಿ’ ಎನ್ನುವವರಿಗೆ ಇದು ಉತ್ತರ. ಆದರೂ ನಡುವೆ ಕರೆಂಟ್ ಹೋದರೆ ಏನು ಬೇಕಾದರೂ ಆಗಬಹುದು, ಆದ್ದರಿಂದ ಮೊದಲು ಒಂದು ನಕಲು ಇರಲೇಬೇಕು. ಇದೇ ಆಜ್ಞೆಯಿಂದ ಮತ್ತೆ ಹಿಂದಕ್ಕೆ ಫ್ಯಾಟ್32ಗೆ ಬರಲು ಆಗುವುದಿಲ್ಲ. ಎನ್‌ಟಿಎಫ್‌ಎಸ್ ಪೆನ್‌ಡ್ರೈವನ್ನು ಕೆಲವು ಟಿವಿಗಳು, ಕಾರ್ ಸ್ಟೀರಿಯೊಗಳು ಓದುವುದಿಲ್ಲ ಎಂಬುದೂ ನೆನಪಿರಲಿ.

4. ಎಕ್ಸ್‌ಫ್ಯಾಟ್‌ಗೆ ಹೋಗುವುದು. 2006ರಲ್ಲಿ ಬಂದ ಈ ಪದ್ಧತಿಯಲ್ಲಿ ನಮ್ಮ ದಿನಬಳಕೆಗೆ ಅಡ್ಡ ಬರುವಂಥ ಗಾತ್ರದ ಮಿತಿ ಇಲ್ಲ. 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳಿಗೆ ಇದೇ ಅಧಿಕೃತ ಪದ್ಧತಿ. ಇದಕ್ಕೆ ಮಾತ್ರ ಫಾರ್ಮ್ಯಾಟ್ ಬೇಕೇ ಬೇಕು. ಅಂದರೆ ಒಳಗಿನದ್ದನ್ನೆಲ್ಲ ಬೇರೆ ಕಡೆ ನಕಲು ಮಾಡಿ, ಆ ನಕಲನ್ನು ತೆರೆದು ನೋಡಿ, ಆಮೇಲೆ ಫಾರ್ಮ್ಯಾಟ್. ನಿಜವಾದ ಹಳೇ ಎಕ್ಸ್‌ಪಿ ಕಂಪ್ಯೂಟರ್ ಮೈಕ್ರೋಸಾಫ್ಟ್‌ನ ಪ್ರತ್ಯೇಕ ಅಪ್‌ಡೇಟ್ ಹಾಕದೆ ಎಕ್ಸ್‌ಫ್ಯಾಟ್ ಓದುವುದಿಲ್ಲ.

ನಮ್ಮ ಅಂಗಡಿಯವರಿಗೆ ಮೊದಲನೇ ದಾರಿ ಹೊಂದಿತು. ಜೊತೆಗೆ ಪೇಜ್‌ಮೇಕರ್ ಫೈಲ್‌ಗಳನ್ನು ವರ್ಚುವಲ್ ಯಂತ್ರದ ಒಳಗೆ ಇಡದೆ ‘ಷೇರ್ಡ್ ಫೋಲ್ಡರ್’ ಮೂಲಕ ಹೊರಗೇ ಇಡುವ ವ್ಯವಸ್ಥೆ ಮಾಡಿದೆವು. ಇದರಿಂದ ಡಿಸ್ಕ್ ಫೈಲ್ ಬೆಳೆಯುವುದು ನಿಧಾನವಾಯಿತು. ಯಂತ್ರ ಕೆಟ್ಟರೂ ಫೈಲ್‌ಗಳು ಹೊರಗೆ ಸುರಕ್ಷಿತ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ಕ್ಕೇ ಬೆಂಬಲ ನಿಲ್ಲಿಸಿರುವುದರಿಂದ ಒಳಗಿನ ಯಂತ್ರಕ್ಕೆ ಇಂಟರ್ನೆಟ್ ಸಂಪರ್ಕವನ್ನೂ ಕಡಿದೆವು.

ಜಾಗ ಜಾಸ್ತಿ ಇದ್ದರೂ ‘ಜಾಗ ಇಲ್ಲ’ ಎನ್ನುವ ಹಳೇ ತಂತ್ರಾಂಶ

ಇದರ ತದ್ವಿರುದ್ಧವಾದ ತೊಂದರೆಯೂ ಉಂಟು. ಕಾರ್ಖಾನೆಗೋ ಅಂಗಡಿಗೋ ಎಂದೋ ಬರೆಸಿದ ಹಳೇ ತಂತ್ರಾಂಶವನ್ನು ಹೊಸ ಕಂಪ್ಯೂಟರ್‌ಗೆ ಹಾಕಲು ಹೋದರೆ, 500 ಜಿಬಿ ಖಾಲಿ ಇದ್ದರೂ ಅದು ‘ಡಿಸ್ಕ್‌ನಲ್ಲಿ ಜಾಗ ಸಾಲದು’ ಎನ್ನಬಹುದು. ಇಲ್ಲಿ ಕೆಟ್ಟಿರುವುದು ಕಂಪ್ಯೂಟರ್ ಅಲ್ಲ, ಹಳೇ ತಂತ್ರಾಂಶದ ಲೆಕ್ಕ.

ಕೆಲವು ತಂತ್ರಾಂಶಗಳು 32 ಬಿಟ್‌ನ ಅರ್ಧ ಸಂಖ್ಯೆಗಳನ್ನು ಋಣ ಸಂಖ್ಯೆಗಳಿಗೆ ಮೀಸಲಿಡುತ್ತವೆ. ಆಗ ಅವು ಎಣಿಸಬಹುದಾದ ಗರಿಷ್ಠ ಮಿತಿ 214 ಕೋಟಿ 74 ಲಕ್ಷ 83 ಸಾವಿರದ 647 ಬೈಟ್, ಅಂದರೆ 2 ಜಿಬಿಗೆ ಒಂದು ಕಡಿಮೆ. ಖಾಲಿ ಜಾಗ 3 ಜಿಬಿ ಇದ್ದರೆ ಅಂಥ ತಂತ್ರಾಂಶಕ್ಕೆ ಅದು ‘ಮೈನಸ್ 1 ಜಿಬಿ’ಯಾಗಿ ಕಾಣುತ್ತದೆ! 4.5 ಜಿಬಿ ಇದ್ದರೆ ಮೀಟರ್ ಒಂದು ಸುತ್ತು ತಿರುಗಿ ಅರ್ಧ ಜಿಬಿಯಾಗಿ ಕಾಣುತ್ತದೆ. ಪರಿಹಾರವೂ ತಮಾಷೆಯಾಗಿದೆ. ಜಾಗ ಕಡಿಮೆ ತೋರಿಸಬೇಕು. ವರ್ಚುವಲ್ ಯಂತ್ರದಲ್ಲಿ 2 ಜಿಬಿಗಿಂತ ಚಿಕ್ಕ ಡಿಸ್ಕ್ ಮಾಡಿ ಅದಕ್ಕೆ ಆ ತಂತ್ರಾಂಶ ಹಾಕಿದರೆ ಸಾಕು.

ಡಾಸ್ ಕಾಲದ ತಂತ್ರಾಂಶ ಓಡಿಸುವ ಡಾಸ್‌ಬಾಕ್ಸ್ ಎಂಬ ಉಚಿತ ಎಮ್ಯುಲೇಟರ್ ಈ ಉಪಾಯವನ್ನು ತಾನಾಗಿಯೇ ಮಾಡುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಎಷ್ಟೇ ಜಾಗ ಇರಲಿ, ಫೋಲ್ಡರೊಂದನ್ನು ಅದಕ್ಕೆ ಡ್ರೈವ್ ಆಗಿ ಕೊಟ್ಟಾಗ ಒಳಗಿನ ತಂತ್ರಾಂಶಕ್ಕೆ ಸುಮಾರು 250 ಎಂಬಿ ಖಾಲಿ ಎಂದೇ ಹೇಳುತ್ತದೆ. ಅದು ಸಾಲದಿದ್ದರೆ ‘ಮೌಂಟ್’ ಆಜ್ಞೆಯ ಜೊತೆ ‘ಫ್ರೀಸೈಜ್’ ಆಯ್ಕೆ ಸೇರಿಸಿ ಬೇಕಾದಷ್ಟು ಎಂಬಿ ತೋರಿಸಬಹುದು.

ಆದರೆ ಎಮ್ಯುಲೇಟರ್ ಎಲ್ಲ ಮಿತಿಯನ್ನೂ ದಾಟಿಸುವುದಿಲ್ಲ. ಉದಾಹರಣೆಗೆ, ಹಳೇ ಲೆಕ್ಕಪತ್ರದ ತಂತ್ರಾಂಶಗಳಲ್ಲಿ ಬಳಕೆಯಲ್ಲಿದ್ದ ಫಾಕ್ಸ್‌ಪ್ರೊದಲ್ಲಿ ಒಂದು ಟೇಬಲ್ ಫೈಲಿನ ಮಿತಿ 2 ಜಿಬಿ. ಅದು ತಂತ್ರಾಂಶದ ಒಳಗೇ ಇರುವ ಮಿತಿ, ಹೊರಗಿನ ಕಂಪ್ಯೂಟರ್ ಬದಲಿಸಿದರೆ ಹೋಗದು. ಅಲ್ಲಿ ವರ್ಷವಾರು ಫೈಲ್ ಬೇರ್ಪಡಿಸುವುದೇ ದಾರಿ.

‘4 ಜಿಬಿ ಆಟ 50 ಎಂಬಿಯಲ್ಲಿ’ ನಿಜವೇ?

ಈಗ ಹುಡುಗರ ವಿಷಯಕ್ಕೆ ಬರೋಣ. ಪ್ಲೇಸ್ಟೇಷನ್ 2ರ ಆಟಗಳು ಬರುತ್ತಿದ್ದ ಸಾಮಾನ್ಯ ಡಿವಿಡಿಯ ಗಾತ್ರ 4.7 ಜಿಬಿ, ಎರಡು ಪದರದ ಡಿವಿಡಿಯದು 8.5 ಜಿಬಿ. ಇಂಥ ಡಿಸ್ಕಿನ ಪೂರ್ತಿ ಪ್ರತಿ ಫ್ಯಾಟ್32 ಕಾರ್ಡ್‌ಗೆ ಹೋಗದಿರುವುದು ಸಹಜ. ಆಗಲೇ ‘ಹೈಲಿ ಕಂಪ್ರೆಸ್ಡ್’ ಲಿಂಕ್‌ಗಳು ಕೈಗೆ ಬರುತ್ತವೆ.

ಫೈಲನ್ನು ಕುಗ್ಗಿಸುವುದು ಎಂದರೆ ಒಳಗೆ ಮತ್ತೆ ಮತ್ತೆ ಬರುವ ಮಾಹಿತಿಯನ್ನು ಒಮ್ಮೆ ಮಾತ್ರ ಬರೆಯುವುದು. ಪುನರಾವರ್ತನೆ ಇದ್ದಷ್ಟೇ ಕುಗ್ಗುತ್ತದೆ. ಆಟಗಳಲ್ಲಿರುವ ವಿಡಿಯೊ, ಸಂಗೀತ ಸಾಮಾನ್ಯವಾಗಿ ಮೊದಲೇ ಕುಗ್ಗಿಸಿದವು. ಹಿಂಡಿದ ಕಬ್ಬಿನ ಜಲ್ಲೆಯನ್ನು ಮತ್ತೆ ಗಾಣಕ್ಕೆ ಕೊಟ್ಟಂತೆ, ಅಲ್ಲಿ ಹೆಚ್ಚೇನೂ ಸಿಗದು. ಡಿಸ್ಕಿನಲ್ಲಿ ಬರೀ ಖಾಲಿ ಜಾಗ ತುಂಬಿದ್ದರೆ ಮಾತ್ರ ತುಂಬ ಕುಗ್ಗಬಹುದು. ಪೂರ್ತಿ 4 ಜಿಬಿಯಷ್ಟು ಆಟ ಯಾವುದನ್ನೂ ಕಳೆದುಕೊಳ್ಳದೆ 50 ಎಂಬಿ ಆಗುತ್ತದೆ ಎಂಬುದು ನಂಬುವ ಮಾತಲ್ಲ.

ನಿಜವಾಗಿ ಕುಗ್ಗಿಸುವ ದಾರಿ ಬೇರೆ ಇದೆ. ಪಿಎಸ್‌ಪಿ ಎಮ್ಯುಲೇಟರ್ ಆದ ಪಿಪಿಎಸ್‌ಎಸ್‌ಪಿಪಿ, ಪ್ಲೇಸ್ಟೇಷನ್ 2ರ ಪಿಸಿಎಸ್‌ಎಕ್ಸ್2 ಎರಡೂ ಸಿಎಸ್‌ಒ, ಸಿಎಚ್‌ಡಿ ಮಾದರಿಯ ಕುಗ್ಗಿಸಿದ ಫೈಲನ್ನು ಬಿಚ್ಚದೆಯೇ ಓಡಿಸುತ್ತವೆ. ನಿಮ್ಮದೇ ಡಿಸ್ಕಿನ ಪ್ರತಿಯನ್ನು ಹೀಗೆ ಬದಲಿಸಿದರೆ ಕೆಲವೊಮ್ಮೆ 4 ಜಿಬಿಯೊಳಗೆ ಬರಬಹುದು. ಎಷ್ಟು ಕುಗ್ಗುತ್ತದೆ ಎಂಬುದು ಆಟದಿಂದ ಆಟಕ್ಕೆ ಬೇರೆ. ಅಪರಿಚಿತ ಲಿಂಕ್‌ಗಳಲ್ಲಿ ಸಿಗುವ ಆಟಗಳು ಬಹುಪಾಲು ಕೃತಿಸ್ವಾಮ್ಯ ಮುರಿದು ಹಾಕಿದವು ಎಂಬುದೂ ಗೊತ್ತಿರಲಿ.

ಲಿಂಕ್ ಒತ್ತಿದಾಗ ಆಟದ ಫೈಲ್ ಬದಲು ಎಪಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ. ಆಟಕ್ಕೆ ನಿಮ್ಮ ಎಸ್‌ಎಂಎಸ್ ಓದುವ ಅನುಮತಿಯಾಗಲಿ, ಆಕ್ಸೆಸಿಬಿಲಿಟಿ ಅನುಮತಿಯಾಗಲಿ ಬೇಕಿಲ್ಲ. ಅವೆರಡೂ ಸಿಕ್ಕರೆ ಬ್ಯಾಂಕಿನ ಒಟಿಪಿ ಕದಿಯುವುದು ಕಳ್ಳರಿಗೆ ಸುಲಭ. ಬಹಳ ಮನೆಗಳಲ್ಲಿ ಮಗ ಆಟ ಆಡುವುದು ಯುಪಿಐ ಇರುವ ಅಮ್ಮನ ಫೋನಿನಲ್ಲೇ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕಾರ್ಡ್ ನಕಲಿಯೇ?

64 ಜಿಬಿ ಕಾರ್ಡ್ ಹಾಕಿದರೆ ಕಂಪ್ಯೂಟರ್ 59 ಚಿಲ್ಲರೆ ತೋರಿಸುತ್ತದೆ, ಆದ್ದರಿಂದ ಅದು ಮೋಸ ಎನ್ನುವವರಿದ್ದಾರೆ. ಕಂಪನಿಗಳು ಒಂದು ಜಿಬಿ ಎಂದರೆ 100 ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತವೆ. ವಿಂಡೋಸ್ 107 ಕೋಟಿ ಚಿಲ್ಲರೆ ಬೈಟ್‌ಗೆ ಒಂದು ಜಿಬಿ ಎನ್ನುತ್ತದೆ. ವ್ಯತ್ಯಾಸ ಅಷ್ಟೇ. ಮಾರುಕಟ್ಟೆಯಲ್ಲಿ ನಕಲಿ ಕಾರ್ಡ್‌ಗಳು ಇವೆ, ನಿಜ. ಆದರೆ 4 ಜಿಬಿ ಫೈಲ್ ಹೋಗಲಿಲ್ಲ ಎನ್ನುವುದಾಗಲಿ, 59 ಜಿಬಿ ತೋರಿಸುತ್ತದೆ ಎನ್ನುವುದಾಗಲಿ ನಕಲಿ ಎಂಬುದಕ್ಕೆ ಸಾಕ್ಷಿಯಲ್ಲ.

ಫಾರ್ಮ್ಯಾಟ್ ಮಾಡಿಬಿಟ್ಟಿದ್ದರೆ?

ನಮ್ಮ ತಂಡದ ಒಬ್ಬರ ವಿಜಯನಗರದ ಮನೆಯಲ್ಲೇ ಇದು ನಡೆದಿದೆ. ಗ್ರೂಪಿನಲ್ಲಿ ಬಂದ ಸಲಹೆ ನಂಬಿ ತಮ್ಮ ಕಾರ್ಡ್ ಫಾರ್ಮ್ಯಾಟ್ ಮಾಡಿದ. ಅದರಲ್ಲಿ ಅಜ್ಜಿಯ ಕೊನೆಯ ವರ್ಷದ ಫೋಟೊಗಳಿದ್ದವು. ಮನೆಯವರು ಕೂಡಲೇ ಕಾರ್ಡ್ ಹೊರತೆಗೆದಿಟ್ಟಿದ್ದರಿಂದ ಕೆಲವು ಫೋಟೊ ವಾಪಸ್ ಸಿಕ್ಕವು, ಎಲ್ಲವೂ ಸಿಗಲಿಲ್ಲ.

ಸಾಮಾನ್ಯ ‘ಕ್ವಿಕ್ ಫಾರ್ಮ್ಯಾಟ್’ ಲೆಕ್ಕದ ಪುಸ್ತಕವನ್ನು ಮಾತ್ರ ಖಾಲಿ ಮಾಡುತ್ತದೆ. ಮಾಹಿತಿ ಸ್ವಲ್ಪ ಕಾಲ ಕಾರ್ಡ್‌ನಲ್ಲೇ ಉಳಿದಿರಬಹುದು. ಆದ್ದರಿಂದ ಆ ಕಾರ್ಡ್‌ಗೆ ಒಂದೇ ಒಂದು ಹೊಸ ಫೋಟೊವನ್ನೂ ಬರೆಯಬೇಡಿ. ತಕ್ಷಣ ಹೊರತೆಗೆದು, ಕಂಪ್ಯೂಟರ್‌ನಲ್ಲಿ ಫೋಟೊರೆಕ್‌ನಂಥ ಉಚಿತ ತಂತ್ರಾಂಶದಿಂದ ಪ್ರಯತ್ನಿಸಿ. ಸಿಕ್ಕ ಫೈಲ್‌ಗಳನ್ನು ಬೇರೆ ಡಿಸ್ಕಿಗೇ ಉಳಿಸಿ.

ನಮ್ಮ ತೀರ್ಮಾನ

‘ಜಾಗ ಇದ್ದರೂ ಫೈಲ್ ಹೋಗುತ್ತಿಲ್ಲ’ ಎಂಬುದಕ್ಕೆ ಹೆಚ್ಚಿನ ಸಂದರ್ಭದಲ್ಲಿ ಫ್ಯಾಟ್32ರ 4 ಜಿಬಿ ಮಿತಿ ಕಾರಣ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ಬಲಗಡೆ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಯಾವ ಪದ್ಧತಿ ಎಂಬುದು ಅಲ್ಲೇ ಬರೆದಿರುತ್ತದೆ. ಫೈಲನ್ನು ತುಂಡು ಮಾಡಬಹುದು, ಅಳಿಸದೆಯೇ ಎನ್‌ಟಿಎಫ್‌ಎಸ್‌ಗೆ ಬದಲಿಸಬಹುದು. ಫಾರ್ಮ್ಯಾಟ್ ಕೊನೆಯ ದಾರಿ, ಅದೂ ನಕಲು ಇಟ್ಟುಕೊಂಡ ಮೇಲೆ.

ರಾಜಾಜಿನಗರದ ಅಂಗಡಿಯಲ್ಲಿ ಈಗ ಮೂರು ಪ್ರತಿಗಳಿವೆ. ಒಂದು ಕಂಪ್ಯೂಟರ್‌ನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಬಸವೇಶ್ವರನಗರದ ಮನೆಯ ಬೀರುವಿನಲ್ಲಿ. ನಿಮ್ಮ ಗ್ರೂಪಿನಲ್ಲಿ ಯಾರಾದರೂ ‘ಫಾರ್ಮ್ಯಾಟ್ ಮಾಡಿ’ ಎಂದು ಬರೆದರೆ, ಅದರ ಕೆಳಗೆ ‘ಮೊದಲು ನಕಲು ಮಾಡಿಕೊಳ್ಳಿ’ ಎಂದಾದರೂ ಬರೆಯಿರಿ.